ಆರನೇ ಮಹಡಿಗೆ ಏಳುನೂರು ಪುಟ

ಕಣ್ಣು ಮುಚ್ಚಿ. ಬಲಗಾಲನ್ನು ಮುಂದೆ ಸರಿಸಿ, ಶೂ ತುದಿಯಿಂದ ನೆಲ ತಡವಿ. ಇದೊಂದು ಸಣ್ಣ ಹೋಟೆಲಿನ ಉಗ್ರಾಣ. ಕಣ್ಣು ತೆರೆದಿದ್ದಾಗ ನೀವೇ ನೋಡಿದ್ದೀರಿ, ನೆಲ ಸಮತಟ್ಟಾಗಿದೆ, ನಾಲ್ಕು ಹೆಜ್ಜೆ ಆಚೆ ಗೋಡೆ. ಆದರೂ ಕಾಲಿಗೆ ಒಂದು ಅಂಚು ಸಿಗುತ್ತದೆ. ಅಂಚಿನ ಕೆಳಗೆ ಇನ್ನೊಂದು ಅಂಚು. ಕಣ್ಣಿಗೆ ಇಲ್ಲದ ಮೆಟ್ಟಿಲು ಕಾಲಿಗೆ ಇದೆ.

ಹೊಟ್ಟೆಯೊಳಗೆ ಏನೋ ಕಳಚಿದಂತಾಗುತ್ತದೆ. ಬೆನ್ನ ಹಿಂದೆ ಕರಿದ ಮಾಂಸದ ಜಿಡ್ಡುವಾಸನೆ, ಜೊತೆಗೆ ಆಲ್ ಟೆಂಪಲ್‌ಟನ್ನನ ಕೆಮ್ಮು. ನಿನ್ನೆ ಗಟ್ಟಿಮುಟ್ಟಾಗಿ ಬರ್ಗರ್ ತಿರುವಿಹಾಕುತ್ತಿದ್ದ ಮನುಷ್ಯ ಇವತ್ತು ಎಲುಬಿನ ಗೂಡು. ಶ್ವಾಸಕೋಶದ ಕ್ಯಾನ್ಸರು. ಈ ಮೆಟ್ಟಿಲಿಳಿದು ಹೋಗಿ ನಾಲ್ಕು ವರ್ಷ ಅಲ್ಲಿದ್ದು ಬಂದಿದ್ದಾನೆ. ಇಲ್ಲಿ ಕಳೆದದ್ದು ಎರಡೇ ನಿಮಿಷ. ಅಲ್ಲಿ ಎಷ್ಟು ವರ್ಷ ಇದ್ದರೂ ಇಲ್ಲಿ ಎರಡೇ ನಿಮಿಷ, ಅದು ಈ ಮೆಟ್ಟಿಲಿನ ಕರಾರು. ಅವನು ಮಾಡಲಾಗದೆ ಬಿಟ್ಟ ಕೆಲಸವನ್ನು ನೀವು ಮಾಡಬೇಕು.

ಇನ್ನೊಂದು ಮೆಟ್ಟಿಲು. ಮತ್ತೊಂದು. ಮುಖಕ್ಕೆ ಬಿಸಿಲು ತಾಗುತ್ತದೆ. ಮೂಗಿಗೆ ಗಂಧಕದ ಘಾಟು, ಗಿರಣಿಯದು. ಕಣ್ಣು ತೆರೆಯಿರಿ. ಅಮೆರಿಕದ ಮೇನ್ ರಾಜ್ಯ, ಲಿಸ್ಬನ್ ಫಾಲ್ಸ್ ಎಂಬ ಗಿರಣಿ ಊರು, 1958ರ ಸೆಪ್ಟೆಂಬರ್ 9, ಹಗಲು 11 ಗಂಟೆ 58 ನಿಮಿಷ. ಯಾವ ದಿನ ಇಳಿದರೂ ಇದೇ ದಿನ, ಇದೇ ನಿಮಿಷ. ಎದುರಿಗೆ ಹ್ಯಾಟಿನ ಪಟ್ಟಿಗೆ ಹಳದಿ ಕಾರ್ಡು ಸಿಕ್ಕಿಸಿಕೊಂಡ ಕುಡುಕ ನಿಮ್ಮ ಮುಖ ನೋಡಿ ಹುಬ್ಬು ಗಂಟಿಕ್ಕುತ್ತಾನೆ. ನೀವು ಇಲ್ಲಿಯವರಲ್ಲ ಎಂಬುದು ಅವನಿಗೆ ಹೇಗೆ ಗೊತ್ತೋ.

ಈಗ ಒಮ್ಮೆ ಹಿಂದಿರುಗಿ ನೋಡಿ. ನಿಮ್ಮ ಹಿಂದೆಯೇ ಮೆಟ್ಟಿಲಿಳಿದು ಬರುತ್ತಿರುವವರ ಸಾಲು ಕಾಣುತ್ತದೆಯೇ? ಅವರೆಲ್ಲ ಈ ಕಾದಂಬರಿಯ ಓದುಗರು. ಸ್ಟೀಫನ್ ಕಿಂಗ್ ಬರೆದ, 2011ರ ನವೆಂಬರಿನಲ್ಲಿ ಹೊರಬಂದ, 849 ಪುಟಗಳ ಕಾದಂಬರಿ. ಹೆಸರೇ ಒಂದು ತಾರೀಖು, '11/22/63'. ಅಧ್ಯಕ್ಷ ಜಾನ್ ಕೆನಡಿ ಡಲ್ಲಸ್‌ನಲ್ಲಿ ಗುಂಡೇಟಿಗೆ ಬಿದ್ದ ದಿನ. ಅದನ್ನು ತಪ್ಪಿಸಲು ಹೊರಟವನು ಜೇಕ್ ಎಪಿಂಗ್, ಮೂವತ್ತೈದರ ಇಂಗ್ಲಿಷ್ ಮೇಷ್ಟ್ರು. ಇವತ್ತು ಅವನ ಮೈಯಲ್ಲಿ ನೀವಿದ್ದೀರಿ. ಸಾಲಿನವರಿಗೆಲ್ಲ ಒಂದೊಂದು ಅಭಿಪ್ರಾಯ, ಎಲ್ಲರದೂ ಗಟ್ಟಿ ದನಿ. ಕಥೆಯ ಕೊನೆ ಮೊದಲೇ ಗೊತ್ತಾದರೆ ಕೋಪ ಬರುವವರು ಇಲ್ಲಿಂದಲೇ ಮೇಲೆ ಹತ್ತಿಹೋಗಿ. ನಾನು ಏನನ್ನೂ ಮುಚ್ಚಿಡುವುದಿಲ್ಲ.

ಬಾಯಾರಿದೆ. ಮೂಲೆಯ ಅಂಗಡಿಯಲ್ಲಿ ಹತ್ತು ಸೆಂಟು ಕೊಟ್ಟು ರೂಟ್ ಬಿಯರ್ ಕೊಳ್ಳುತ್ತೀರಿ. ಹೆಸರಿಗೆ ಬಿಯರ್, ಕುಡಿದರೆ ನಮ್ಮ ನನ್ನಾರಿ ಶರಬತ್ತಿನ ದೂರದ ನೆಂಟ. ತಣ್ಣನೆಯ ಗಾಜು, ತುಟಿಗಂಟಿದ ನೊರೆ, ನಾಲಿಗೆಯ ತುದಿಯಿಂದ ಗಂಟಲವರೆಗೆ ಇಳಿಯುವ ದಪ್ಪ ಸಿಹಿ. ಐವತ್ತು ವರ್ಷದಲ್ಲಿ ಬಾಯಿ ಇಂಥ ರುಚಿಯನ್ನು ಮರೆತಿತ್ತು ಅನಿಸುತ್ತದೆ. ಸಾಲಿನಲ್ಲಿ ಯಾರಿಗೂ ತಕರಾರಿಲ್ಲ. ಈ ಒಂದು ಲೋಟವನ್ನು ಹೊಗಳದ ಓದುಗರನ್ನು ನಾನಂತೂ ಕಂಡಿಲ್ಲ.

ಜಗಳ ಹತ್ತುವುದು ಡೆರಿಯಲ್ಲಿ.

ಕೆಂಪು ಫೋರ್ಡ್ ಸನ್‌ಲೈನರ್ ಓಡಿಸಿಕೊಂಡು ಡೆರಿ ಎಂಬ ಊರಿಗೆ ಬಂದಿದ್ದೀರಿ. ಕೆನಡಿಯನ್ನು ಉಳಿಸುವ ಮೊದಲು ಒಂದು ಪರೀಕ್ಷೆ: ನಿಮ್ಮ ಶಾಲೆಯ ಕುಂಟುಕಾಲಿನ ಜವಾನ ಹ್ಯಾರಿ ಡನ್ನಿಂಗ್ ಹುಡುಗನಾಗಿದ್ದಾಗ, 1958ರ ಹ್ಯಾಲೋವೀನ್ ರಾತ್ರಿ, ಅವನಪ್ಪ ಸುತ್ತಿಗೆ ಹಿಡಿದು ಮನೆಮಂದಿಯನ್ನು ಬಡಿದು ಕೊಂದ. ಅದನ್ನು ತಪ್ಪಿಸಬಹುದೇ? ಸಂಜೆ ಹತ್ತಿರವಾದಂತೆ ಕರುಳು ಹಿಂಡುತ್ತದೆ. ಬೆವರು, ವಾಂತಿ, ಭೇದಿ. ಬಚ್ಚಲಿನ ತಣ್ಣನೆಯ ಗೋಡೆಗೆ ಹಣೆ ಒತ್ತಿ ಕೂತಿದ್ದೀರಿ, ಹೊರಗೆ ಮಕ್ಕಳು ಮುಖವಾಡ ತೊಟ್ಟು ಬೀದಿಗಿಳಿಯುತ್ತಿದ್ದಾರೆ. ಇದು ಕಾಯಿಲೆಯಲ್ಲ. ಬದಲಾಗಲು ಇಷ್ಟವಿಲ್ಲದ ಕಾಲ ನಿಮ್ಮ ಮೈ ಮೂಲಕವೇ ಅಡ್ಡಗಾಲು ಹಾಕುತ್ತಿದೆ. ಬದಲಾವಣೆ ದೊಡ್ಡದಾದಷ್ಟೂ ಅಡ್ಡಿ ದೊಡ್ಡದು.

ಸಾಲಿನಲ್ಲಿ ಅರ್ಧ ಜನಕ್ಕೆ ಹಬ್ಬ. ಡೆರಿ ಎಂದರೆ ಕಿಂಗನ 1986ರ 'ಇಟ್' ಕಾದಂಬರಿಯ ಊರು. ಅದರ ಇಬ್ಬರು ಮಕ್ಕಳು ಇಲ್ಲಿ ಒಂದು ಗಳಿಗೆ ಬಂದು ಕುಣಿದು ಹೋಗುತ್ತಾರೆ. ಹಳೆಯ ಅಭಿಮಾನಿಗಳ ಕಣ್ಣು ತೇವವಾಗುತ್ತದೆ. ಉಳಿದರ್ಧ ಜನ ಗಡಿಯಾರ ನೋಡುತ್ತಾರೆ. "ಡಲ್ಲಸ್ ಅಂತ ಟಿಕೆಟ್ ತಗೊಂಡ್ರೆ ಡೆರಿಯಲ್ಲಿ ಇಳಿಸಿದ್ರಲ್ಲ" ಎನ್ನುತ್ತಾರೆ ಒಬ್ಬರು. ಕೆಲವರು ಪುಸ್ತಕದೊಳಗೆ ಬೆರಳಿಟ್ಟು ಮುಚ್ಚುತ್ತಾರೆ. ಬೆರಳು ತೆಗೆದ ಮೇಲೆ ಮತ್ತೆ ತೆರೆಯುವುದಿಲ್ಲ. ಅವರನ್ನು ನಾನು ದೂರುವುದಿಲ್ಲ. ಆದರೆ ಸುತ್ತಿಗೆಯ ಆ ರಾತ್ರಿಯನ್ನು ಮೈಯಲ್ಲಿ ಹೊತ್ತವರಿಗೆ ಮಾತ್ರ ಮುಂದೆ ಪ್ರತಿ ಸಣ್ಣ ಜ್ವರಕ್ಕೂ, ಪ್ರತಿ ಪಂಕ್ಚರಿಗೂ ಎದೆ ಝಲ್ ಎನ್ನುವುದು.

ಮುಂದಿನ ನಿಲ್ದಾಣ ಜೋಡಿ. ಟೆಕ್ಸಸ್‌ನಲ್ಲಿ ಇಂಥ ಊರಿಲ್ಲ, ಕಿಂಗ್ ಕಟ್ಟಿದ ಊರು. ಇಲ್ಲಿ ನಿಮ್ಮ ಹೆಸರು ಜಾರ್ಜ್ ಆಂಬರ್ಸನ್, ಶಾಲಾ ಮೇಷ್ಟ್ರು. 1963 ಬರುವವರೆಗೆ ಕಾಯಬೇಕಲ್ಲ, ಹೊಟ್ಟೆಪಾಡಿಗೆ ಹಿಡಿದ ಕೆಲಸ. ಬಿಸಿಲಿಗೆ ಕಾದ ರಸ್ತೆ, ಮೇಣ ಒರೆಸಿದ ಸಭಾಂಗಣದ ನೆಲ, ಪರದೆಯ ಹಿಂದೆ ಹುಡುಗರ ಬೆವರು. ಫುಟ್‌ಬಾಲ್ ಆಡುವ ದೈತ್ಯ ಹುಡುಗನೊಬ್ಬನಿಗೆ ಸ್ಟೈನ್‌ಬೆಕ್‌ನ 'ಆಫ್ ಮೈಸ್ ಅಂಡ್ ಮೆನ್' ನಾಟಕದ ಲೆನ್ನಿಯ ಪಾತ್ರ ಕೊಟ್ಟಿದ್ದೀರಿ. ಪ್ರದರ್ಶನದ ರಾತ್ರಿ ಆ ಹುಡುಗ ಲೆನ್ನಿಯೇ ಆಗಿಬಿಡುತ್ತಾನೆ. ಕತ್ತಲಲ್ಲಿ ಒಬ್ಬೊಬ್ಬರೇ ಮೂಗು ಸೆಳೆಯುವ ಸದ್ದು. ಪರದೆಯ ಹಗ್ಗ ಹಿಡಿದ ನಿಮ್ಮ ಅಂಗೈ ಒದ್ದೆಯಾಗಿದೆ.

ಆಮೇಲೆ ಸೇಡಿ ಡನ್‌ಹಿಲ್. ಶಾಲೆಯ ಹೊಸ ಗ್ರಂಥಪಾಲಕಿ. ಉದ್ದನೆಯ ಹೆಂಗಸು, ಎಲ್ಲಿ ಹೋದರೂ ಎಡವುವವಳು. ಮೊದಲ ಭೇಟಿಯಲ್ಲೇ ಎಡವಿ ನಿಮ್ಮ ಕೈಗೇ ಬೀಳುತ್ತಾಳೆ. ಅದೇ ಸೇಡಿ ಕುಣಿಯಲು ನಿಂತರೆ ಒಂದು ಹೆಜ್ಜೆ ತಪ್ಪುವುದಿಲ್ಲ. ಶಾಲೆಯ ಹಾಲಿನಲ್ಲಿ ಹಾಡು ಶುರುವಾದಾಗ ಅವಳ ಕೈ ನಿಮ್ಮ ಕೈಯಿಂದ ಜಾರಿ, ತಿರುಗಿ, ಸರಿಯಾಗಿ ಬಂದು ಸೇರುತ್ತದೆ. ಪೌಂಡ್ ಕೇಕ್ ಎಂಬ ಸಾದಾ ಕೇಕಿನ ಹೆಸರು ನಿಮ್ಮಿಬ್ಬರ ಗುಟ್ಟಿನ ಮಾತಾಗುತ್ತದೆ. ಒಂದು ದಿನ ಕಾರಿನಲ್ಲಿ ನಿಮ್ಮ ಪಾಡಿಗೆ ನೀವು ಗುನುಗುತ್ತೀರಿ. ಅವಳು ತಿರುಗಿ ನೋಡುತ್ತಾಳೆ. ಅದು ರೋಲಿಂಗ್ ಸ್ಟೋನ್ಸ್ ತಂಡ 1969ರಲ್ಲಿ ಹೊರತರಲಿರುವ ಹಾಡು. ಕತ್ತಿನ ಹಿಂದೆ ಕೂದಲು ನಿಮಿರುತ್ತದೆ. ಈ ಹಾಡು ನಿನಗೆಲ್ಲಿ ಸಿಕ್ಕಿತು ಎಂದು ಕೇಳುವವಳ ಕಣ್ಣಿಗೆ ಕಣ್ಣಿಟ್ಟು ಸುಳ್ಳು ಹೇಳಬೇಕು.

"ಕೆನಡಿ ಎಲ್ರೀ? ಅವರನ್ನ ಕೊಂದ ಓಸ್ವಾಲ್ಡ್ ಎಲ್ಲಿ? ಶಾಲಾ ವಾರ್ಷಿಕೋತ್ಸವ ನೋಡೋಕೆ ಬಂದ್ವಾ ನಾವು?"

ಸಾಲಿನ ಅತಿ ದೊಡ್ಡ ದನಿ ಇದೇ. ಈ ಕಾದಂಬರಿ ಓದಿದವರು ಸೇರಿದ ಕಡೆಯೆಲ್ಲ ಈ ಮಾತು ಬರುತ್ತದೆ: ನಡುಭಾಗ ಜಗ್ಗಿದೆ, ಮುನ್ನೂರು ಪುಟ ಕತ್ತರಿಸಬಹುದಿತ್ತು. ತಕ್ಷಣ ಇನ್ನೊಂದು ದನಿ ಏಳುತ್ತದೆ: "ಕೆನಡಿಯನ್ನೇ ಕತ್ತರಿಸಿ, ಜೋಡಿ ಊರು ಇರಲಿ." ಕಿಂಗನ ಹೆಸರು ಕೇಳಿದರೆ ದೆವ್ವದ ಕಥೆ ಎಂದು ದೂರ ಓಡುತ್ತಿದ್ದವರು ಈ ಊರಿನಲ್ಲಿ ಮನೆ ಮಾಡಿಕೊಂಡಿದ್ದಾರೆ.

ನಾನು ಯಾವ ಕಡೆ? ತಪ್ಪೊಪ್ಪಿಕೊಳ್ಳುತ್ತೇನೆ. ಮೊದಲ ಸಲ ಓದಿದಾಗ ಜೋಡಿಯಲ್ಲಿ ಎಪ್ಪತ್ತು ಎಂಬತ್ತು ಪುಟ ಹಾರಿಸಿದ್ದೆ. ಹಾರಿಸಿದ್ದಕ್ಕೆ ಏನು ತೆತ್ತೆ ಎಂಬುದನ್ನು ಆರನೇ ಮಹಡಿಗೆ ಹೋದ ಮೇಲೆ ಹೇಳುತ್ತೇನೆ.

ಅದಕ್ಕೆ ಮೊದಲು ನೀಲಿ ಸ್ಟ್ರೀಟ್. ಡಲ್ಲಸ್‌ನ ಒಂದು ಹಳೆಯ ಮನೆಯ ಕೆಳಮನೆ. ಮೇಲ್ಮನೆಯಲ್ಲಿ ಲೀ ಹಾರ್ವಿ ಓಸ್ವಾಲ್ಡ್, ಹೆಂಡತಿ ಮರೀನಾ, ಕೈಗೂಸು. ಕತ್ತಲಲ್ಲಿ ಕೂತು ಸೂರು ನೋಡುತ್ತಿದ್ದೀರಿ. ಮೇಲೆ ಹೆಜ್ಜೆ ಸಪ್ಪಳ ಅತ್ತಿಂದಿತ್ತ. ರಷ್ಯನ್ ಭಾಷೆಯಲ್ಲಿ ಜಗಳ. ಒಂದು ಪದ ತಿಳಿಯುವುದಿಲ್ಲ, ಆದರೆ ಏಟಿನ ಸದ್ದಿಗೆ ಅನುವಾದ ಬೇಕಿಲ್ಲ. ಮಗು ಕಿರುಚುತ್ತದೆ. ನಿಮ್ಮ ಮುಷ್ಟಿ ಬಿಗಿಯುತ್ತದೆ. ಈಗಲೇ ಹತ್ತಿಹೋಗಿ ಮುಗಿಸಿಬಿಡಬಹುದು, ಹನ್ನೆರಡು ಮೆಟ್ಟಿಲೋ ಏನೋ.

ಏಕೆ ಹೋಗುವುದಿಲ್ಲ? ಅವನೊಬ್ಬನೇ ಕೊಂದನೋ, ಜೊತೆಗೆ ಬೇರೆಯವರಿದ್ದರೋ ನಿಮಗಿನ್ನೂ ಗೊತ್ತಿಲ್ಲ. ಬೇರೆಯವರಿದ್ದರೆ ಇವನನ್ನು ಕೊಂದರೂ ಕೆನಡಿ ಸಾಯುತ್ತಾನೆ. 1963ರ ಏಪ್ರಿಲ್ 10ರ ರಾತ್ರಿ ಓಸ್ವಾಲ್ಡ್ ಜನರಲ್ ಎಡ್ವಿನ್ ವಾಕರ್ ಮೇಲೆ ಗುಂಡು ಹಾರಿಸಿ ಗುರಿ ತಪ್ಪಲಿದ್ದಾನೆ, ಅದು ಚರಿತ್ರೆ. ಅಲ್ಲಿ ಅವನು ಒಂಟಿಯಾಗಿದ್ದರೆ ಅನುಮಾನ ಮುಗಿಯಿತು. ಆ ರಾತ್ರಿಗಾಗಿಯೇ ಇಷ್ಟು ವರ್ಷ ಕಾದಿದ್ದು. ಅದೇ ದಿನ ಫೋನು ಬಡಿದುಕೊಳ್ಳುತ್ತದೆ. ಸೇಡಿಯ ಹಳೆಯ ಗಂಡ ಚಾಕು ಹಿಡಿದು ಅವಳ ಮನೆ ಹೊಕ್ಕಿದ್ದಾನೆ. ರಿಸೀವರ್ ಕಿವಿಯಲ್ಲಿ ಬಿಸಿಯಾಗುತ್ತಿದೆ. ಒಂದು ಕಡೆ ಪುರಾವೆ, ಇನ್ನೊಂದು ಕಡೆ ಅವಳ ಕೆನ್ನೆ. ಕಾರಿನ ಬೀಗದ ಕೈ ನಿಮ್ಮ ಕೈಗೆ ಯಾವಾಗ ಬಂತೋ ನಿಮಗೇ ಗೊತ್ತಿಲ್ಲ.

ಪಿತೂರಿ ನಂಬುವ ಓದುಗರು ಇಲ್ಲಿ ಗೊಣಗುತ್ತಾರೆ. 1964ರ ವಾರೆನ್ ಆಯೋಗ ಓಸ್ವಾಲ್ಡ್ ಒಂಟಿ ಎಂದಿತು. 1979ರಲ್ಲಿ ಅಮೆರಿಕನ್ ಸಂಸತ್ತಿನ ಸಮಿತಿಯೊಂದು ಪಿತೂರಿ ಇದ್ದಿರಬಹುದು ಎಂದಿತು. ಕಿಂಗ್ ಪುಸ್ತಕದ ಕೊನೆಯ ಮಾತಿನಲ್ಲಿ ತನ್ನ ಲೆಕ್ಕ ಹೇಳುತ್ತಾನೆ: ಓಸ್ವಾಲ್ಡ್ ಒಬ್ಬನೇ ಎಂಬುದಕ್ಕೆ ನೂರಕ್ಕೆ 98, ಬಹುಶಃ 99. "ಎಂಟುನೂರು ಪುಟ ಓದಿಸಿ ಸರ್ಕಾರಿ ಉತ್ತರವನ್ನೇ ಕೊಟ್ಟ" ಎಂದು ಇವರ ಸಿಟ್ಟು. ನೀಲಿ ಸ್ಟ್ರೀಟಿನ ಪುಟಗಳು ಉದ್ದವಾದವು ಎಂಬ ದೂರನ್ನು ನಾನೂ ಒಪ್ಪುತ್ತೇನೆ. ಸೂರು ನೋಡಿ ನೋಡಿ ಕತ್ತು ನೋಯುತ್ತದೆ. ಆದರೆ ಆ ಸಿಟ್ಟನ್ನು ಒಪ್ಪಲಾರೆ. ಪಕ್ಕದಲ್ಲಿ ತಿಂಗಳುಗಟ್ಟಲೆ ಕೂತು ಕೇಳಿದ ಮೇಲೆ ಓಸ್ವಾಲ್ಡ್ ಇಷ್ಟೇ ಎಂದು ತಿಳಿಯುತ್ತದೆ: ಹೆಂಡತಿಗೆ ಹೊಡೆಯುವ, ಕೆಲಸದಲ್ಲಿ ನಿಲ್ಲದ, ತನ್ನನ್ನು ಯಾರೂ ಗಮನಿಸುತ್ತಿಲ್ಲವೆಂದು ಉರಿಯುವ ಇಪ್ಪತ್ತಮೂರರ ಹುಡುಗ. ಅವನ ಬಂದೂಕು ಅಂಚೆಯಲ್ಲಿ ತರಿಸಿದ್ದು, ಬೆಲೆ 19 ಡಾಲರ್ 95 ಸೆಂಟ್. ಪಿತೂರಿಗಿಂತ ಇದೇ ಹೆಚ್ಚು ಹೆದರಿಸುತ್ತದೆ.

ನವೆಂಬರ್ 22. ಬೆಳಗಿನ ಮಳೆ ನಿಂತಿದೆ. ಮೋಡ ಸರಿದು ಬಿಸಿಲು ಬಂದದ್ದರಿಂದ ಅಧ್ಯಕ್ಷರ ಲಿಂಕನ್ ಕಾರಿಗೆ ಮೇಲುಹೊದಿಕೆ ಹಾಕಿಲ್ಲ. ನಿಮ್ಮ ಮಂಡಿ ಬಾವು ಬಂದು ಕುಂಬಳವಾಗಿದೆ. ನೀವು ಜೂಜಿನಲ್ಲಿ ಗೆದ್ದದ್ದು ಸಹಿಸದ ದಲ್ಲಾಳಿಯ ಕಡೆಯವರು ಕೆಲವು ತಿಂಗಳ ಹಿಂದೆ ಹಾಕಿದ ಏಟು ಅದು. ತಲೆಗೆ ಬಿದ್ದ ಏಟಿನಲ್ಲಿ ಓಸ್ವಾಲ್ಡ್ ಹೆಸರೇ ಎಷ್ಟೋ ದಿನ ಮರೆತುಹೋಗಿತ್ತು. ಪಕ್ಕದಲ್ಲಿ ಸೇಡಿ, ಕೆನ್ನೆಯಲ್ಲಿ ಗಾಯದ ಗೆರೆ. ನಿಮ್ಮ ಗುಟ್ಟು ಈಗ ಅವಳಿಗೂ ಗೊತ್ತು.

ಕಾರಿನ ಚಕ್ರ ಕಳಚುತ್ತದೆ. ಹತ್ತಿದ ಬಸ್ಸು ಅಪಘಾತಕ್ಕೆ ಸಿಗುತ್ತದೆ. ಕಾಲ ಹಲ್ಲು ಕಚ್ಚಿ ಎದುರು ನಿಂತಿದೆ. ಓಡಿ. ಓಡಲಾಗದಿದ್ದರೆ ಕುಂಟಿ. ಬೇರೆಯವರ ಕಾರು ಕಸಿಯಿರಿ. ಹ್ಯೂಸ್ಟನ್ ಸ್ಟ್ರೀಟಿನ ತುದಿಯಲ್ಲಿ ಇಟ್ಟಿಗೆ ಕೆಂಪಿನ ಕಟ್ಟಡ, ಟೆಕ್ಸಸ್ ಸ್ಕೂಲ್ ಬುಕ್ ಡಿಪಾಸಿಟರಿ, ಶಾಲಾಪುಸ್ತಕಗಳ ಗೋದಾಮು. ಚಾವಣಿಯ ಮೇಲೆ ಜಾಹೀರಾತಿನ ದೊಡ್ಡ ಗಡಿಯಾರ. ಅದು 12:30 ತೋರಿಸುವ ಹೊತ್ತಿಗೆ ಭಾರತದಲ್ಲಿ ಸರಿಯಾಗಿ ನಡುರಾತ್ರಿ. ನಮ್ಮ ಅಜ್ಜ ಅಜ್ಜಿಯರು ನಿದ್ದೆಯಲ್ಲಿದ್ದಾರೆ, ಇಲ್ಲಿ ನಿಮಗೆ ಉಸಿರು ಸಾಲುತ್ತಿಲ್ಲ.

ಮೆಟ್ಟಿಲು. ಈ ಸಲ ಕಣ್ಣಿಗೆ ಕಾಣುವ ಮೆಟ್ಟಿಲು. ಎರಡನೇ ಮಹಡಿ. ಮಂಡಿಯೊಳಗೆ ಗಾಜು ತುಂಬಿದಂತೆ ನೋವು. ಮೂರು. ಸೇಡಿ ತೋಳು ಹಿಡಿದು ಎಳೆಯುತ್ತಾಳೆ. ಹೊರಗೆ ಜನರ ಕೇಕೆ ಅಲೆಯಂತೆ ಹತ್ತಿರ ಬರುತ್ತಿದೆ. ನಾಲ್ಕು. ಬಾಯಲ್ಲಿ ಕಬ್ಬಿಣದ ರುಚಿ. ಐದು. ಅಂದಿನ ನಿಜದ ದಿನ ಈ ಮಹಡಿಯ ಕಿಟಕಿಯಲ್ಲಿ ಮೂವರು ಕೆಲಸಗಾರರು ಮೆರವಣಿಗೆ ನೋಡುತ್ತಿದ್ದರು. ತಲೆಯ ಮೇಲೆ ಬಂದೂಕಿನ ಚಿಲಕ ಸರಿದದ್ದನ್ನೂ, ಖಾಲಿ ತೋಟಾಗಳು ಹಲಗೆಯ ಮೇಲೆ ಬಿದ್ದದ್ದನ್ನೂ ಕೇಳಿದೆವೆಂದು ಆಮೇಲೆ ಸಾಕ್ಷಿ ಹೇಳಿದರು. ಒಬ್ಬನ ತಲೆಗೂದಲಿಗೆ ಸೂರಿನ ಗಾರೆಪುಡಿ ಉದುರಿತ್ತು.

ಆರು. ನೆಲಕ್ಕೆ ಹೊಸ ಪ್ಲೈವುಡ್ ಹಾಸುವ ಕೆಲಸ ನಡೆದಿದೆ, ಹಸಿ ಮರದ ವಾಸನೆ. ಯಾರೋ ಊಟಕ್ಕೆ ತಂದ ಕೋಳಿಯ ಎಲುಬು ಕೂಡ ಇಲ್ಲೇ ಬಿದ್ದಿದೆ. ಮಕ್ಕಳ ಪಠ್ಯಪುಸ್ತಕದ ಪೆಟ್ಟಿಗೆಗಳು ಗೋಡೆಯಂತೆ ಎದ್ದಿವೆ. ಆ ಗೋಡೆಯ ಆಚೆ, ಆಗ್ನೇಯ ಮೂಲೆಯ ಕಿಟಕಿಯಲ್ಲಿ ಅವನಿದ್ದಾನೆ. ಕೆಳಗೆ ಕಾರು ಎಲ್ಮ್ ಸ್ಟ್ರೀಟಿಗೆ ನಿಧಾನವಾಗಿ ತಿರುಗುತ್ತದೆ. ಕೂಗಿ! ಗಂಟಲು ಹರಿಯುವಂತೆ ಅವನ ಹೆಸರು ಕೂಗಿ! ಗುಂಡು. ತಪ್ಪಿತು. ಅವನು ತಿರುಗುತ್ತಾನೆ. ನಳಿಕೆ ತಿರುಗುತ್ತದೆ. ಮಂಡಿ ಮಡಿಚಿ ನೀವು ಕುಸಿಯುತ್ತೀರಿ. ಗುಂಡು. ನಿಮಗೆ ಬರಬೇಕಾದದ್ದು ನಿಮಗೆ ಬರಲಿಲ್ಲ.

ಅವಳ ಕೈ ನಿಮ್ಮ ಕೈಯಲ್ಲಿದೆ. ಕುಣಿಯುವಾಗ ಜಾರಿ ತಿರುಗಿ ಬಂದು ಸೇರುತ್ತಿದ್ದ ಅದೇ ಕೈ, ಈಗ ಭಾರ ಮಾತ್ರ. ಬೀದಿಯಿಂದ ಹಾರಿದ ಗುಂಡುಗಳಿಗೆ ಓಸ್ವಾಲ್ಡ್ ಸತ್ತಿದ್ದಾನೆ. ಕೆನಡಿ ಬದುಕಿದ್ದಾನೆ. ಅದನ್ನು ಯಾರೋ ಹೇಳುತ್ತಿದ್ದಾರೆ, ನಿಮಗೆ ಕೇಳಿಸುತ್ತಿಲ್ಲ.

ಈಗ ಆ ಎಂಬತ್ತು ಪುಟದ ಮಾತು. ಮೊದಲ ಓದಿನಲ್ಲಿ ನಾನು ಈ ಮಹಡಿಗೆ ಏದುಸಿರಿಲ್ಲದೆ ಬಂದಿದ್ದೆ. ಶಾಲಾ ನಾಟಕ ಬಿಟ್ಟು, ಕುಣಿತ ಬಿಟ್ಟು, ಅಡ್ಡದಾರಿ ಹಿಡಿದು, ಚುರುಕಾಗಿ. ಸೇಡಿ ಬಿದ್ದಾಗ "ಅಯ್ಯೋ" ಅಂದುಕೊಂಡು ಪುಟ ತಿರುಗಿಸಿದೆ, ಕೆನಡಿಯ ಗತಿ ಏನಾಯಿತು ಅಂತ. ನನ್ನ ಹಿಂದೆ ಬಂದವರಿಗೆ, ಮುನ್ನೂರು ಪುಟ ಜಗ್ಗಿದೆ ಎಂದು ಬೈಯುತ್ತಲೇ ಒಂದೊಂದು ಪುಟ ಓದಿದವರಿಗೆ, ಕೆನಡಿ ನೆನಪೇ ಆಗಲಿಲ್ಲವಂತೆ. ಪುಸ್ತಕ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರಂತೆ. ಬೇಸರ ಪಟ್ಟವರಿಗೂ ನೋವಾಯಿತು, ಹಾರಿಸಿದವನಿಗೆ ಆಗಲಿಲ್ಲ. 2016ರಲ್ಲಿ ಈ ಕಾದಂಬರಿಯನ್ನು ಎಂಟು ಕಂತಿನ ಟಿವಿ ಸರಣಿಯಾಗಿ ಮಾಡಿದವರೂ ಹೀಗೇ ಅಡ್ಡದಾರಿ ಹಿಡಿದರು: ಮೆಟ್ಟಿಲನ್ನು 1958ರ ಬದಲು 1960ಕ್ಕೆ ಇಳಿಸಿ ಎರಡು ವರ್ಷ ಉಳಿಸಿದರು, ಜೇಕ್‌ಗೆ ಮಾತಾಡಲು ಒಬ್ಬ ಜೊತೆಗಾರನನ್ನೂ ಕೊಟ್ಟರು. ಜೊತೆಗಾರ ಬಂದ, ಒಂಟಿತನ ಹೋಯಿತು. ಸೂರು ನೋಡುತ್ತಾ ಒಬ್ಬನೇ ಕೂತ ಆ ಹಾಳು ರಾತ್ರಿಗಳಿಲ್ಲದೆ ಸೇಡಿಯ ಮನೆಯ ದೀಪಕ್ಕೆ ಎಲ್ಲಿಯ ಬೆಲೆ?

ಮೆಟ್ಟಿಲು ಹತ್ತಿ 2011ಕ್ಕೆ ಮರಳುತ್ತೀರಿ. ಗಾಳಿ ಹೊಲಸಾಗಿದೆ. ಭೂಮಿ ನಡುಗುತ್ತಿದೆ. ಗಾಲಿಕುರ್ಚಿಯಲ್ಲಿ ಕೂತ ಹ್ಯಾರಿ ಡನ್ನಿಂಗ್ ಕೆನಡಿ ಉಳಿದ ಮೇಲಿನ ಅರ್ಧ ಶತಮಾನದ ಕಥೆ ಹೇಳುತ್ತಾನೆ: ಅಣುಬಾಂಬು, ಗಲಭೆ, ಭೂಕಂಪ. ಇಲ್ಲಿ ಸಾಲಿನ ದೂರು ನನ್ನದೂ ಹೌದು. ಒಂದು ಕುಣಿತಕ್ಕೆ ಅಷ್ಟು ಪುಟ ಕೊಟ್ಟವನು ಒಂದು ಲೋಕದ ನಾಶವನ್ನು ಒಬ್ಬನ ಬಾಯಿಂದ ಗಡಿಬಿಡಿಯಲ್ಲಿ ಹೇಳಿಸಿ ಮುಗಿಸುತ್ತಾನೆ. ಕೆನಡಿ ಬದುಕಿದರೆ ನೆಲ ಏಕೆ ನಡುಗಬೇಕು? ಕಾಲದ ಎಳೆಗಳು ತೊಡಕಾದವು ಎಂಬ ಸಮಜಾಯಿಷಿ ಕಿವಿಗೆ ಬೀಳುತ್ತದೆ, ಎದೆಗೆ ಇಳಿಯುವುದಿಲ್ಲ. ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಉಗ್ರಾಣ ಎಲ್ಲಿತ್ತೋ ಹುಡುಕಿ.

ಮತ್ತೆ ಇಳಿದರೆ ಎಲ್ಲ ಅಳಿಸಿಹೋಗುತ್ತದೆ. ಸೇಡಿ ಬದುಕುತ್ತಾಳೆ, ನಿಮ್ಮ ಗುರುತಿಲ್ಲದೆ. ಕೆನಡಿ ಸಾಯುತ್ತಾನೆ. ಜೋಡಿಗೆ ಬಸ್ಸು ಹತ್ತಬಹುದು, ಅವಳು ಎಡವುವ ಕುರ್ಚಿಯ ಪಕ್ಕ ಇನ್ನೊಮ್ಮೆ ನಿಲ್ಲಬಹುದು. ಕಾಲು ಎಳೆಯುತ್ತದೆ. ಹೋಗುವುದೋ ಬಿಡುವುದೋ? ನೀವು ಹೋಗುವುದಿಲ್ಲ. ಎಷ್ಟೋ ಪುಟದ ಆಚೆ, 2012ರಲ್ಲಿ, ಎಂಬತ್ತು ಮುಟ್ಟಿದ ಹೆಂಗಸೊಬ್ಬಳ ಎದುರು ನಿಂತು ಕೈ ಚಾಚುತ್ತೀರಿ. ಕೆನ್ನೆಯಲ್ಲಿ ಆ ಗಾಯದ ಗೆರೆ ಇದೆ, ನಿಮ್ಮ ನೆನಪಿಲ್ಲ. ಅದೇ ಹಾಡು ಶುರುವಾಗುತ್ತದೆ. ಈ ಮುಕ್ತಾಯ ಮೊದಲು ಹೀಗಿರಲಿಲ್ಲ; ಕಿಂಗನ ಮಗ, ತಾನೂ ಕಾದಂಬರಿಕಾರನಾದ ಜೋ ಹಿಲ್, ಸೂಚಿಸಿದ್ದು. 1972ರಲ್ಲಿ ಶಾಲಾ ಮೇಷ್ಟ್ರಾಗಿದ್ದಾಗ ಕಿಂಗ್ ಈ ಕಾದಂಬರಿಗೆ ಕೈಹಾಕಿ, ಓದಬೇಕಾದದ್ದು ಬೆಟ್ಟದಷ್ಟಿದೆ, ಗಾಯವೂ ಹಸಿಯಾಗಿದೆ ಎಂದು ಬಿಟ್ಟುಬಿಟ್ಟಿದ್ದ. ಆಗಲೇ ಬರೆದಿದ್ದರೆ ಈ ಕುಣಿತವನ್ನು ಸೂಚಿಸಬೇಕಾದ ಮಗ ಇನ್ನೂ ಮಗುವೇ. ತಡವಾದದ್ದು ಒಳ್ಳೆಯದಾಯಿತು.

ಸಾಲಿನಲ್ಲಿ ಈಗ ಗಲಾಟೆಯಿಲ್ಲ. ಪುಟ ಎಣಿಸುತ್ತಿದ್ದವರೊಬ್ಬರು ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸುತ್ತಿದ್ದಾರೆ. "ಆದ್ರೂ ನೂರು ಪುಟ ಜಾಸ್ತೀನೇ" ಎನ್ನುತ್ತಾರೆ, ಯಾರ ಮುಖವನ್ನೂ ನೋಡದೆ.

ಕಳೆದ ತಿಂಗಳು ನಾನು ಎರಡನೇ ಸಲ ಮೊದಲ ಪುಟ ತೆರೆದೆ, ಏನನ್ನೂ ಹಾರಿಸುವುದಿಲ್ಲವೆಂದು ನಿಶ್ಚಯಿಸಿ. ಕೆಳಗಿಳಿದರೆ 11 ಗಂಟೆ 58 ನಿಮಿಷ. ಗಂಧಕದ ಘಾಟು. ಕುಡುಕನ ಹ್ಯಾಟಿನಲ್ಲಿ ಕಾರ್ಡು ಮತ್ತೆ ಹಳದಿ. ದೂರದ ಟೆಕ್ಸಸ್‌ನಲ್ಲಿ ಯಾವುದೋ ಕುರ್ಚಿಗೆ ಒಬ್ಬಳು ಇನ್ನೂ ಎಡವಿಲ್ಲ. ಜೇಬಿನಲ್ಲಿ ಹತ್ತು ಸೆಂಟು ಇದೆಯೇ ಎಂದು ತಡವಿ ನೋಡಿಕೊಂಡೆ.